ಊಟಿಯ ಕಥೆ 1819ಕ್ಕೆ ಶುರುವಾಗಿದ್ದಲ್ಲ

ಪತ್ರ: ನಿಮ್ಮ ಊಟಿ ಲೇಖನ ಓದಿದೆ. ಬ್ರಿಟಿಷರನ್ನು ಬೈಯುವುದು ಸುಲಭ. ಆದರೆ 1819ರಲ್ಲಿ ಕೋಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬರದಿದ್ದರೆ ಅಲ್ಲಿ ಬರೀ ಕಾಡು ಇರುತ್ತಿತ್ತು. ಅವರು ಕಟ್ಟಿಕೊಟ್ಟಿದ್ದನ್ನು ಉಳಿಸಿಕೊಳ್ಳೋಕೂ ನಮಗೆ ಬರುವುದಿಲ್ಲ.
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ನಿಮ್ಮ ಕೊನೆಯ ಮಾತು ಒಪ್ಪಿದೆ ಸ್ವಾಮಿ. 1908ರಲ್ಲಿ ಊಟಿ ಮುಟ್ಟಿದ ರೈಲು ಸಣ್ಣ ಕೆಲಸವಲ್ಲ. ಹಳೇ ಬಂಗಲೆ ಕೆಡವಿ ಲಾಡ್ಜ್ ಎಬ್ಬಿಸಿದರೆ ನನಗೂ ಹೊಟ್ಟೆ ಉರಿಯುತ್ತದೆ. ಅವೆಲ್ಲ ಉಳಿಯಲಿ.

ಆದರೆ ‘ಬರೀ ಕಾಡು’ ಅಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ. ನಿಮಗೆ ಹತ್ತಿರದ ಚಾಮರಾಜನಗರದಲ್ಲಿ 1117ರ ಶಾಸನ ಒಂದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ, ಆ ಬೆಟ್ಟದಲ್ಲಿ ಎಮ್ಮೆ ಸಾಕಿಕೊಂಡಿರುವ ತೋಡ ಜನರನ್ನು ಹೆದರಿಸಿ ನೀಲಾದ್ರಿ, ಅಂದರೆ ನೀಲಗಿರಿ, ಗೆದ್ದ ಅಂತ ಅದು ಹೇಳುತ್ತದೆ. ಸಲಿವನ್ ಬೆಟ್ಟ ಹತ್ತುವುದಕ್ಕೆ 700 ವರ್ಷ ಮುಂಚಿನ ಮಾತು ಇದು! 1603ರಲ್ಲಿ ಫೆನಿಸಿಯೊ ಎಂಬ ಪಾದ್ರಿ ಮೇಲೆ ಹೋಗಿ ತೋಡರನ್ನೂ ಅಲ್ಲಿನ ಇನ್ನೊಂದು ಜನ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಇಷ್ಟಕ್ಕೂ ಸಲಿವನ್ 1822ರಲ್ಲಿ ಕಟ್ಟಲು ಶುರುಮಾಡಿದ ಕಲ್ಲಿನ ಮನೆಯ ಜಾಗ ತೋಡರಿಂದ ಕೊಂಡದ್ದು. ಯಾರೂ ಇಲ್ಲದ ಕಾಡಾಗಿದ್ದರೆ ದುಡ್ಡು ಯಾರಿಗೆ ಕೊಟ್ಟ? ಆ ನೆಲದ ಮೇಲೆ ತೋಡರಿಗೆ ಹಕ್ಕಿದೆ ಅಂತ ವಾದ ಮಾಡಿದವನೂ ಅವನೇ. ಅವನನ್ನು ಹೊಗಳುವವರು ಇದನ್ನು ಮಾತ್ರ ಹೇಳುವುದಿಲ್ಲ.

‘ಅವರು ಕಟ್ಟಿಕೊಟ್ಟಿದ್ದು’ ಅನ್ನುವ ಮಾತಿಗೆ ಬರೋಣ. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ಕೆಡವಿ ಸಾಗಿಸಿದವು. ಮೈಸೂರಿನವರಾದ ನಿಮಗೆ ಇದು ಗೊತ್ತಿರಬೇಕಿತ್ತು. ಗೂಡಲೂರು ದಾರಿಯಲ್ಲಿ ಊಟಿಗೆ ಹೋಗಿದ್ದರೆ ನಡುವಟ್ಟಂ ದಾಟಿರುತ್ತೀರಿ, ಅಲ್ವಾ? ಅಲ್ಲಿ ಜ್ವರದ ಔಷಧಿಗೆ ಬೇಕಾದ ಸಿಂಕೋನಾ ಮರದ ತೋಟಗಳಲ್ಲಿ ಚೀನೀ ಕೈದಿಗಳನ್ನು ದುಡಿಸಿದರು. ಅವರನ್ನು ಇಟ್ಟಿದ್ದ ಜೈಲು ಅಲ್ಲಿ ಇನ್ನೂ ಇದೆ, ಕಾರು ನಿಲ್ಲಿಸುವವರು ಕಡಿಮೆ.

ನನಗೆ ಇದೆಲ್ಲಕ್ಕಿಂತ ಜಾಸ್ತಿ ನೋವು ಹುಲ್ಲುಗಾವಲಿನದು. ಕಣಿವೆಯಲ್ಲಿ ಶೋಲಾ ಅನ್ನುವ ದಟ್ಟ ಗಿಡ್ಡ ಮರಗಳ ಕಾಡು, ಅದರ ಮೇಲೆ ಹುಲ್ಲು, ಹುಲ್ಲಿನಲ್ಲಿ ತೋಡರ ಎಮ್ಮೆ. ಮಳೆನೀರನ್ನು ಹಿಡಿದಿಟ್ಟು ಭವಾನಿ, ಮೋಯಾರ್ ಹೊಳೆಗಳಿಗೆ ನಿಧಾನಕ್ಕೆ ಬಿಡುತ್ತಿದ್ದದ್ದು ಈ ಹುಲ್ಲು ಮತ್ತು ಶೋಲಾ. ಬ್ರಿಟಿಷರ ಕಣ್ಣಿಗೆ ಅದು ಬೀಳುಭೂಮಿ. ಸೌದೆಗೆ ಬೇಕು ಅಂತ ಆಸ್ಟ್ರೇಲಿಯಾದ ವಾಟಲ್, ನೀಲಗಿರಿ ಮರ ತಂದು ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರಗಳು ಅದನ್ನೇ ಇನ್ನಷ್ಟು ದೊಡ್ಡದಾಗಿ ಮಾಡಿದವು, ಕಾರ್ಖಾನೆಗೆ ಬೇಕು ಅಂತ. ಈಗ ನಾವು ಆ ಪರದೇಶದ ಮರಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ‘ಎಂಥಾ ಪ್ರಕೃತಿ’ ಅನ್ನುತ್ತೇವೆ.

ಇದು ಊಟಿಯೊಂದರ ರೋಗವಲ್ಲ. ನಂದಿಬೆಟ್ಟಕ್ಕೆ ಹೋದವರು ಕಬ್ಬನ್ ಬಂಗಲೆ ನೋಡುತ್ತಾರೆ, ಬುಡದಲ್ಲೇ ಇರುವ ಸಾವಿರ ವರ್ಷ ಮೀರಿದ ಭೋಗನಂದೀಶ್ವರ ಗುಡಿಗೆ ಕಾಲಿಡದೆ ವಾಪಸ್ ಬರುತ್ತಾರೆ. ಕಾಫಿ ಅಂದರೆ ಸಾಕು, ಬಿಳಿಯ ತೋಟದ ದೊರೆಗಳ ಕಥೆ. ಕಾಫಿ ಬೀಜ ತಂದ ಅಂತ ಜನ ಹೇಳುವ ಬಾಬಾ ಬುಡನ್ ಹೆಸರಿನ ಬೆಟ್ಟ ನಮ್ಮಲ್ಲೇ ಇದ್ದರೂ ಹೀಗೆ. ಮಕ್ಕಳಿಗೂ ಊರಿನ ಚರಿತ್ರೆಯನ್ನು ಕಲೆಕ್ಟರ್ ಕುದುರೆಯಿಂದ ಇಳಿದ ದಿನದಿಂದಲೇ ಹೇಳುತ್ತೇವೆ. ಬಡಗರ ಮಾತು ಕನ್ನಡಕ್ಕೆ ಎಷ್ಟು ಹತ್ತಿರ! ಆದರೂ ನಮ್ಮ ಎಷ್ಟು ಪತ್ರಿಕೆಗಳು ಅವರ ಒಂದು ಹಾಡನ್ನಾದರೂ ಅಚ್ಚು ಹಾಕಿವೆ?

ನೀವು ಬೇಸರ ಮಾಡಿಕೊಳ್ಳಬೇಡಿ. ಊಟಿಯ ಮೇಲೆ ಪ್ರೀತಿ ಇರುವುದಕ್ಕೇ ಬರೆದಿದ್ದೀರಿ. ಮುಂದಿನ ಸಲ ಸಸ್ಯೋದ್ಯಾನಕ್ಕೆ ಹೋದಾಗ ಮೇಲ್ಗಡೆ ತೋಡರ ಮಂದ್, ಅಂದರೆ ಅವರ ಹಟ್ಟಿ, ಇದೆ, ಅವರನ್ನು ಕೇಳಿಕೊಂಡು ಹೋಗಿ, ಮಾತಾಡಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಪೂರ್ತಿ ಅಚ್ಚು ಹಾಕುತ್ತೇವೆ.