ಚಂಡಮಾರುತದಲ್ಲಿ ಸಾವು ಕಡಿಮೆಯಾದರೂ ನಷ್ಟ ಯಾಕೆ ಕಡಿಮೆಯಾಗುತ್ತಿಲ್ಲ?

ಜನರನ್ನು ಬಸ್ಸು ಹತ್ತಿಸಿ ಕಳಿಸಬಹುದು, ತೆಂಗಿನ ತೋಟವನ್ನು ಕಳಿಸಲು ಆಗುವುದಿಲ್ಲ. ಮುಖ್ಯ ಕಾರಣ ಇಷ್ಟೇ.

ಒಡಿಶಾವನ್ನೇ ನೋಡಿ. 1999ರ ಅಕ್ಟೋಬರ್‌ನ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10 ಸಾವಿರ ಜನ ಸತ್ತರು. ಗಾಳಿಗಿಂತ ಜಾಸ್ತಿ ಜನರನ್ನು ಕೊಂದಿದ್ದು ಊರೊಳಗೆ ನುಗ್ಗಿದ ಸಮುದ್ರದ ನೀರು. ಆಮೇಲೆ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು. ಕೆಳಗೆ ಬರೀ ಕಂಬಗಳು, ಗೋಡೆ ಇಲ್ಲ. ನೀರು ಬಂದರೆ ಅಡಿಯಲ್ಲೇ ಹರಿದು ಹೋಗುತ್ತದೆ, ಜನ ಮೇಲಿನ ಮಹಡಿಯಲ್ಲಿರುತ್ತಾರೆ. ಉಳಿದ ದಿನಗಳಲ್ಲಿ ಎಷ್ಟೋ ಕಡೆ ಅಲ್ಲೇ ಶಾಲೆ ನಡೆಯುತ್ತದೆ. ನನಗೆ ಇದೇ ದೊಡ್ಡ ಜಾಣತನ ಅನ್ನಿಸುತ್ತದೆ. ಸುಮ್ನೆ ಬೀಗ ಹಾಕಿಟ್ಟ ಕಟ್ಟಡ ಬೇಕಾದ ದಿನವೇ ಕೈಕೊಡುತ್ತದೆ, ಅಲ್ವಾ?

2019ರ ಮೇ 3ರಂದು ಪುರಿ ಹತ್ತಿರ ಫನಿ ಚಂಡಮಾರುತ ಅಪ್ಪಳಿಸಿತು. ಅಷ್ಟರೊಳಗೆ ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರು. ಸತ್ತವರು 64 ಮಂದಿ. ನಷ್ಟ ಮಾತ್ರ ಸುಮಾರು 24 ಸಾವಿರ ಕೋಟಿ ರೂಪಾಯಿ. ಕರೆಂಟ್ ಕಂಬಗಳು ಸಾಲುಸಾಲಾಗಿ ಮುರಿದುಬಿದ್ದವು, ಪುರಿಯ ಎಷ್ಟೋ ಮನೆಗಳು ವಾರಗಟ್ಟಲೆ ಕತ್ತಲಲ್ಲಿದ್ದವು. ಉರುಳಿದ ಮನೆಯನ್ನಾದರೂ ಪರಿಹಾರದ ಹಣದಲ್ಲಿ ಎಬ್ಬಿಸಬಹುದು. ತೆಂಗಿನ ಸಸಿ ನೆಟ್ಟವರು ಕಾಯಿ ಕಾಣಲು ಐದಾರು ವರ್ಷ ಕಾಯಬೇಕು. ಅಲ್ಲಿಯವರೆಗೆ ಸಂಸಾರ ಸಾಲದಲ್ಲೇ ನಡೆಯಬೇಕಾಗುತ್ತದೆ.