ಊದುವ ಪರೀಕ್ಷೆ ಆಯಿತು, ರಕ್ತಸಂಚಾರದ ಸ್ಕ್ಯಾನ್ ಯಾಕೆ?

ಪ್ರಶ್ನೆ: ಅಪ್ಪನಿಗೆ 62 ವರ್ಷ. ಬಲಗಡೆ ಶ್ವಾಸಕೋಶದಲ್ಲಿ ಗಡ್ಡೆ, ಅದೂ ದೊಡ್ಡ ಶ್ವಾಸನಾಳದ ಪಕ್ಕದಲ್ಲೇ. ಬಲಗಡೆಯದನ್ನು ಪೂರ್ತಿ ತೆಗೆಯಬೇಕಾಗಬಹುದು ಅಂದಿದ್ದಾರೆ. ಹಾಸನದಲ್ಲಿ ಊದುವ ಪರೀಕ್ಷೆ ಮಾಡಿಸಿದೆವು: 1.6 ಲೀಟರ್, ಶೇ. 67 ಎಂದಿದೆ. ಈಗ ರಕ್ತಸಂಚಾರದ ಸ್ಕ್ಯಾನ್‌ಗೆ ಬೆಂಗಳೂರಿಗೆ ಹೋಗಿ ಅನ್ನುತ್ತಿದ್ದಾರೆ. ಉಸಿರಿನ ತೊಂದರೆಗೆ ರಕ್ತದ ಸ್ಕ್ಯಾನ್ ಯಾಕೆ ಡಾಕ್ಟ್ರೇ? ದಂಡದ ಖರ್ಚಲ್ಲವೇ?
– ಓದುಗರು, ಸಕಲೇಶಪುರ

ಉತ್ತರ: ದಂಡದ ಖರ್ಚಲ್ಲ, ಖಂಡಿತ ಮಾಡಿಸಿ. 1.6 ಲೀಟರ್ ಅಂದರೆ ನಿಮ್ಮ ತಂದೆಯವರು ಪೂರ್ತಿ ಉಸಿರೆಳೆದುಕೊಂಡು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ. ಅವರ ವಯಸ್ಸು, ಎತ್ತರಕ್ಕೆ ಸುಮಾರು 2.4 ಲೀಟರ್ ಇರಬೇಕಿತ್ತು, ಹಾಗಾಗಿ ಶೇ. 67. ಆದರೆ ಇದು ಎರಡೂ ಶ್ವಾಸಕೋಶ ಸೇರಿದ ಒಟ್ಟು ಲೆಕ್ಕ. ಯಾವುದು ಎಷ್ಟು ದುಡಿಯುತ್ತಿದೆ ಅನ್ನುವುದು ಇದರಲ್ಲಿ ಗೊತ್ತಾಗುವುದಿಲ್ಲ.

ಶ್ವಾಸಕೋಶದಲ್ಲಿ 19 ಭಾಗಗಳಿವೆ: ಬಲಕ್ಕೆ 10, ಎಡಕ್ಕೆ 9. ಬಲದ ಮೇಲಿನ ಹಾಲೆ (ಶ್ವಾಸಕೋಶದ ದೊಡ್ಡ ಹೋಳು) ಮಾತ್ರ ತೆಗೆಯುವುದಾದರೆ 3 ಭಾಗ ಹೋಗುತ್ತದೆ, ಸುಮಾರು 1.35 ಲೀಟರ್ ಉಳಿಯುತ್ತದೆ. ಅಷ್ಟಕ್ಕೆ ಈ ಭಾಗದ ಲೆಕ್ಕವೇ ಸಾಕು. ಇಡೀ ಬಲಗಡೆ ತೆಗೆದರೆ ಇದೇ ಲೆಕ್ಕದಲ್ಲಿ ಉಳಿಯುವುದು 0.76 ಲೀಟರ್, ಅಂದರೆ ಶೇ. 32. ಕೇಳಿದರೆ ಭಯವಾಗುತ್ತದೆ. ಆದರೆ 19 ಭಾಗವೂ ಸಮನಾಗಿ ದುಡಿಯುತ್ತಿವೆ ಎಂದು ನಂಬಿ ಮಾಡಿದ ಲೆಕ್ಕ ಇದು. ನಿಮ್ಮ ತಂದೆಯವರ ಗಡ್ಡೆ ಇರುವ ಜಾಗದಲ್ಲಿ ಶ್ವಾಸನಾಳವನ್ನೂ ರಕ್ತನಾಳವನ್ನೂ ಅದು ಒತ್ತಿರುವ ಸಾಧ್ಯತೆ ಹೆಚ್ಚು. ಗಾಳಿ ಬಾರದ ಕಡೆಗೆ ಶ್ವಾಸಕೋಶ ರಕ್ತವನ್ನೂ ಬಿಡುವುದಿಲ್ಲ, ಅಲ್ಲಿನ ರಕ್ತನಾಳಗಳು ತಾವಾಗಿಯೇ ಬಿಗಿಯುತ್ತವೆ. ಅದಕ್ಕೇ ರಕ್ತ ಎತ್ತ ಎಷ್ಟು ಹರಿಯುತ್ತಿದೆ ಎಂದು ನೋಡಿದರೆ ದುಡಿಮೆಯ ಪಾಲು ತಿಳಿಯುತ್ತದೆ.

ಆರೋಗ್ಯವಂತರಲ್ಲಿ ಬಲಕ್ಕೆ ಸುಮಾರು ಶೇ. 55, ಎಡಕ್ಕೆ 45 ರಕ್ತ ಹೋಗುತ್ತದೆ. ಸ್ಕ್ಯಾನ್‌ನಲ್ಲಿ ಬಲಕ್ಕೆ ಶೇ. 30 ಮಾತ್ರ ಎಂದು ಬಂತು ಅನ್ನಿ. ಬಲವನ್ನು ತೆಗೆದ ಮೇಲೂ 1.6ರ ಶೇ. 70, ಅಂದರೆ 1.12 ಲೀಟರ್ ಉಳಿಯುತ್ತದೆ, ಶೇ. 47. ತದ್ವಿರುದ್ಧವೂ ಆಗಬಹುದು: ಎಂದೋ ಬಂದು ಹೋದ ಟಿ.ಬಿ. ಎಡಗಡೆಯನ್ನು ಹಾಳು ಮಾಡಿದ್ದು, ಬಲವೇ ಶೇ. 70 ಹೊತ್ತಿದ್ದರೆ ಉಳಿಯುವುದು 0.48 ಲೀಟರ್, ಶೇ. 20. ಊದುವ ಪರೀಕ್ಷೆಯ ಚೀಟಿ ಎರಡಕ್ಕೂ ಒಂದೇ! ಹಳೆಯ ಟಿ.ಬಿ. ಇದ್ದರೆ ಮುಚ್ಚಿಡದೆ ಹೇಳಿ.

ಸ್ಕ್ಯಾನ್ ಸುಲಭ. ಅಂಗಾತ ಮಲಗಿಸಿ ಕೈಯ ನರಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಬೆರೆಸಿದ ಅಲ್ಬುಮಿನ್ ಎಂಬ ಪ್ರೋಟೀನಿನ ಕಣಗಳ ಇಂಜೆಕ್ಷನ್ ಕೊಡುತ್ತಾರೆ. ಕೂತಿದ್ದರೆ ರಕ್ತ ಕೆಳಭಾಗಕ್ಕೆ ಹೆಚ್ಚು ಇಳಿಯುತ್ತದೆ, ಅದಕ್ಕೇ ಮಲಗಿಸುವುದು. ಕಣಗಳು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಸ್ವಲ್ಪ ಹೊತ್ತು ಸಿಕ್ಕಿಕೊಳ್ಳುತ್ತವೆ, ಗಾಮಾ ಕ್ಯಾಮೆರಾ ಅವನ್ನು ಎಣಿಸುತ್ತದೆ. ಕೆಲವು ಗಂಟೆಗಳಲ್ಲಿ ಅವು ಕರಗಿಹೋಗುತ್ತವೆ. ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿದೆ ಎಂದು ಎಕೋದಲ್ಲಿ ಬಂದಿದ್ದರೆ ಅಲ್ಲಿ ತಿಳಿಸಿ, ಕಣಗಳ ಸಂಖ್ಯೆ ಕಡಿಮೆ ಮಾಡುತ್ತಾರೆ.

ಇರಬೇಕಾದ 2.4 ಲೀಟರಿನಲ್ಲಿ ಉಳಿಯುವ ಪಾಲು ಶೇ. 60 ದಾಟಿದರೆ ಅಪಾಯ ಕಡಿಮೆ. 30ರಿಂದ 60ರ ನಡುವೆ ಇದ್ದರೆ ನಡೆಸಿ ಅಥವಾ ಮೆಟ್ಟಿಲು ಹತ್ತಿಸಿ ನೋಡುತ್ತಾರೆ: 22 ಮೀಟರ್ ಎತ್ತರ ಹತ್ತಬೇಕು, ಇಲ್ಲವೇ ಎರಡು ಗುರುತುಗಳ ನಡುವೆ ಹೋಗಿ ಬರುವ ಶಟಲ್ ನಡಿಗೆಯಲ್ಲಿ 400 ಮೀಟರ್ ಮುಗಿಸಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿದವರಿಗೆ ಅಂದಾಜು ಸಿಗುತ್ತದೆ, 22 ಮೀಟರ್ ಅಂದರೆ ಆ ಬೆಟ್ಟದ ಆರನೇ ಒಂದು ಪಾಲು. ದಯವಿಟ್ಟು ಅಪ್ಪನನ್ನು ನೀವೇ ಹತ್ತಿಸಿ ನೋಡಬೇಡಿ. ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿ, ಪಕ್ಕದಲ್ಲಿ ಜನ ನಿಂತು ಮಾಡಿಸುತ್ತಾರೆ. ಶೇ. 30ಕ್ಕಿಂತ ಕಡಿಮೆಯಾದರೆ ಸೈಕಲ್ ತುಳಿಸಿ ಆಕ್ಸಿಜನ್ ಬಳಕೆ ಅಳೆಯುತ್ತಾರೆ. ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 10 ಮಿ.ಲೀ.ಗಿಂತ ಕಡಿಮೆ ಬಂದರೆ ಇಷ್ಟು ದೊಡ್ಡ ಆಪರೇಷನ್ ಬೇಡ, ಬೇರೆ ದಾರಿ ನೋಡೋಣ ಎನ್ನುತ್ತಾರೆ.

ಪ್ರಶ್ನೆ: ನಮ್ಮ ಮಾವನವರು ಒಂದೇ ವಾರದಲ್ಲಿ ಎರಡು ಕಡೆ ಊದಿದರು. ಒಂದರಲ್ಲಿ 1.4, ಇನ್ನೊಂದರಲ್ಲಿ 1.7 ಲೀಟರ್. ಯಾವುದನ್ನು ನಂಬುವುದು?
– ಓದುಗರು, ಕಡೂರು

ಉತ್ತರ: ಎರಡರ ಗ್ರಾಫನ್ನೂ ಡಾಕ್ಟರಿಗೆ ತೋರಿಸಿ. ತುಟಿಯ ಪಕ್ಕದಿಂದ ಗಾಳಿ ಸೋರಿದರೆ, ಮೊದಲ ಸೆಕೆಂಡಿನಲ್ಲೇ ಕೆಮ್ಮಿದರೆ, ಊದುವಾಗ ಹಿಂದೆಮುಂದೆ ನೋಡಿದರೆ ಅಂಕಿ ಇಳಿಯುತ್ತದೆ. ಸರಿಯಾದ ಮೂರು ಊದು ಬೇಕು, ಅದರಲ್ಲಿ ಅತ್ಯುತ್ತಮ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇನ್ನೊಂದು ಕಾರಣವೂ ಇರಬಹುದು: 1.7 ಬಂದದ್ದು ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಔಷಧ ಕೊಟ್ಟು 15 ನಿಮಿಷ ಬಿಟ್ಟು ಊದಿಸಿದಾಗಲೇ? ಹಾಗಿದ್ದರೆ ಆಪರೇಷನ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದನ್ನೇ.

ಪ್ರಶ್ನೆ: ಆಪರೇಷನ್‌ಗೆ ಎಷ್ಟು ದಿನ ಮುಂಚೆ ಬೀಡಿ ಬಿಡಬೇಕು?
– ಓದುಗರು, ಮೂಡಿಗೆರೆ

ಉತ್ತರ: ಇವತ್ತೇ. ನಾಲ್ಕು ವಾರ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಬಿಡಿ. ಬಿಟ್ಟ ಹೊಸತರಲ್ಲಿ ಕಫ ಹೆಚ್ಚುತ್ತದೆ ಎಂದು ಹೆದರಿ ಮುಂದಕ್ಕೆ ಹಾಕಬೇಡಿ. ಗಾಳಿಯಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂದು ಅಳೆಯುವ ಡಿಎಲ್‌ಸಿಒ ಪರೀಕ್ಷೆಯೂ ನಿಮಗಿರುತ್ತದೆ. ಆ ದಿನ ಬೀಡಿ ಸೇದಿದ್ದರೆ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂತಿರುತ್ತದೆ, ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ರಕ್ತಹೀನತೆ ಇದ್ದರೂ ಹಾಗೆಯೇ, ಅದಕ್ಕೇ ಹಿಮೋಗ್ಲೋಬಿನ್ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.