ಓದುಗರ ಪ್ರಶ್ನೆಗಳು: ಎಸ್ಕಲೇಟರ್‌ನಲ್ಲಿ ಕಾಲು ಸಿಕ್ಕಿಕೊಂಡಾಗ

ಲಿಫ್ಟ್‌ಗಳ ಸುರಕ್ಷತೆಯ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎಸ್ಕಲೇಟರ್ ಕುರಿತೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾಲ್ ಒಂದರಲ್ಲಿ ನನ್ನ ಐದು ವರ್ಷದ ಮಗನ ರಬ್ಬರ್ ಚಪ್ಪಲಿ ಎಸ್ಕಲೇಟರ್‌ನ ಪಕ್ಕದ ಸಂದಿಗೆ ಸಿಕ್ಕಿಕೊಂಡಿತು. ಅವನ ಕಾಲು ಹೇಗೋ ಹೊರಗೆ ಬಂತು, ಚಪ್ಪಲಿ ಮಾತ್ರ ಹರಿದು ಒಳಗೆ ಹೋಯಿತು. ಸುತ್ತಲಿದ್ದವರು ಕೂಗಾಡಿದರೇ ಹೊರತು ಯಂತ್ರವನ್ನು ನಿಲ್ಲಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ಏನು ಮಾಡಬೇಕು? (ಗೃಹಿಣಿ, ತುಮಕೂರು)

ಉತ್ತರ: ಮೊದಲು ಮಾಡಬೇಕಾದದ್ದು ಕೆಂಪು ಗುಂಡಿ ಒತ್ತುವುದು. ಪ್ರತಿ ಎಸ್ಕಲೇಟರ್‌ನ ಮೇಲಿನ ತುದಿಯಲ್ಲೂ ಕೆಳಗಿನ ತುದಿಯಲ್ಲೂ ತುರ್ತು ನಿಲುಗಡೆಯ ಗುಂಡಿ ಇರುತ್ತದೆ. ಉದ್ದದ ಎಸ್ಕಲೇಟರ್‌ಗಳಲ್ಲಿ ನಡುವೆಯೂ ಇರುವುದುಂಟು. ನಾವು ಸ್ವಿಚ್ಚುಗಳನ್ನು ಗೋಡೆಯ ಮೇಲೆ ಎದೆಮಟ್ಟದಲ್ಲಿ ಹುಡುಕುವುದು ವಾಡಿಕೆ. ಇಲ್ಲಿ ಅದು ಸಾಮಾನ್ಯವಾಗಿ ಹ್ಯಾಂಡ್‌ರೇಲ್ ಬಾಗಿ ಒಳಗೆ ಹೋಗುವ ಜಾಗದ ಹತ್ತಿರ, ಬಹುತೇಕ ಮೊಣಕಾಲಿನ ಎತ್ತರದಲ್ಲಿ, ಕೆಲವೆಡೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಇರುತ್ತದೆ. ಗಾಬರಿಯಲ್ಲಿರುವವರ ಕಣ್ಣಿಗೆ ಅದು ಬೀಳದೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಸಾಮಾನ್ಯ ಎಸ್ಕಲೇಟರ್ ಸೆಕೆಂಡಿಗೆ ಅರ್ಧ ಮೀಟರ್ ಚಲಿಸುತ್ತದೆ, ಅಂದರೆ ಗುಂಡಿ ಹುಡುಕುವುದರಲ್ಲಿ ಹತ್ತು ಸೆಕೆಂಡು ಕಳೆದರೆ ಮಗು ಐದು ಮೀಟರ್ ಮುಂದಕ್ಕೆ ಎಳೆಯಲ್ಪಟ್ಟಿರುತ್ತದೆ. ಸಿಕ್ಕಿಕೊಂಡವರ ಜೊತೆಗಿರುವವರು ಅವರನ್ನು ಬಿಟ್ಟು ಓಡುವ ಬದಲು ತುದಿಯಲ್ಲಿ ನಿಂತಿರುವ ಒಬ್ಬರನ್ನು ಕೈ ತೋರಿಸಿ, ‘ನೀಲಿ ಅಂಗಿಯವರೇ, ನಿಮ್ಮ ಕಾಲ ಬಳಿ ಇರುವ ಕೆಂಪು ಗುಂಡಿ ಒತ್ತಿ’ ಎಂದು ಕೂಗುವುದು ಒಳ್ಳೆಯದು. ಎಲ್ಲರಿಗೂ ಒಟ್ಟಾಗಿ ಕೂಗಿದರೆ ಯಾರೂ ಕದಲುವುದಿಲ್ಲ. ಗುಂಡಿ ಒತ್ತುವವರು ‘ಹಿಡಿದುಕೊಳ್ಳಿ, ನಿಲ್ಲಿಸುತ್ತಿದ್ದೇನೆ’ ಎಂದು ಹೇಳಿಯೇ ಒತ್ತಬೇಕು. ಮೆಟ್ಟಿಲು ನಿಂತಾಗ ಏನನ್ನೂ ಹಿಡಿದುಕೊಳ್ಳದ ವೃದ್ಧರು ಮುಗ್ಗರಿಸುವ ಅಪಾಯವಿದೆ.

ನಿಂತ ಮೇಲೆ ಎರಡು ಕೆಲಸಗಳನ್ನು ಮಾಡಲೇಬಾರದು. ಒಂದು, ಸಿಕ್ಕಿಕೊಂಡ ಕಾಲನ್ನೋ ಕೈಯನ್ನೋ ಬಲವಾಗಿ ಎಳೆಯುವುದು. ಸಂದಿಗೆ ಸಿಕ್ಕ ಬೆರಳಿನ ಚರ್ಮ ಮತ್ತು ನರಗಳು ಎಳೆತಕ್ಕೆ ಕಳಚಿಬರುತ್ತವೆ. ಯಂತ್ರ ಮಾಡಿದ ಗಾಯಕ್ಕಿಂತ ಎಳೆದವರು ಮಾಡಿದ ಗಾಯ ದೊಡ್ಡದಾಗುವುದುಂಟು. ಎರಡು, ಯಂತ್ರವನ್ನು ಹಿಂದಕ್ಕೆ ಓಡಿಸಿದರೆ ಕಾಲು ಹೊರಬರುತ್ತದೆ ಎಂಬ ಸಲಹೆಗೆ ಒಪ್ಪುವುದು. ಕಾವಲು ಸಿಬ್ಬಂದಿಯ ಬಳಿ ಕೀಲಿ ಇದ್ದರೆ ಈ ಆಸೆ ಬೇಗ ಹುಟ್ಟುತ್ತದೆ. ಅಂಗ ಯಾವ ಕೋನದಲ್ಲಿ, ಯಾವ ಭಾಗದ ನಡುವೆ ಸಿಕ್ಕಿದೆ ಎಂದು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಇದನ್ನು ಪರಿಣತರಿಗೇ ಬಿಡಬೇಕು. ನಾವು ಮಾಡಬಹುದಾದದ್ದು ಇಷ್ಟು: ಶೂ ಲೇಸು, ಚಪ್ಪಲಿಯ ಪಟ್ಟಿ, ಬಟ್ಟೆ ಇವುಗಳನ್ನು ಕತ್ತರಿಯಿಂದ ಕತ್ತರಿಸಿ ಸಡಿಲಿಸುವುದು, ಮಗುವಿನ ಭಾರ ಸಿಕ್ಕಿದ ಕಾಲಿನ ಮೇಲೆ ಬೀಳದಂತೆ ಎತ್ತಿ ಹಿಡಿಯುವುದು, ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿಹಿಡಿಯುವುದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಕುಡಿಯಲು, ತಿನ್ನಲು ಏನನ್ನೂ ಕೊಡಬಾರದು.

112ಕ್ಕೆ ಕರೆ ಮಾಡುವಾಗ ಕಟ್ಟಡದ ಹೆಸರಷ್ಟೇ ಸಾಲದು. ಎಷ್ಟನೆಯ ಮಹಡಿ, ಮೇಲಿನ ತುದಿಯೋ ಕೆಳಗಿನ ತುದಿಯೋ, ದೇಹದ ಯಾವ ಭಾಗ, ಮಗುವೋ ದೊಡ್ಡವರೋ, ಯಂತ್ರ ನಿಂತಿದೆಯೋ ಇಲ್ಲವೋ ಎಂಬುದನ್ನೂ ಹೇಳಬೇಕು, ಏಕೆಂದರೆ ಆಂಬುಲೆನ್ಸ್ ಮಾತ್ರ ಬಂದರೆ ಸಿಕ್ಕಿಕೊಂಡವರನ್ನು ಬಿಡಿಸುವ ಸಲಕರಣೆ ಅದರಲ್ಲಿ ಇರುವುದಿಲ್ಲ. ಅಗ್ನಿಶಾಮಕ ದಳ ಮತ್ತು ಆ ಎಸ್ಕಲೇಟರ್‌ನ ನಿರ್ವಹಣೆಯ ತಂತ್ರಜ್ಞ ಇಬ್ಬರೂ ಬೇಕು.

ಪ್ರಶ್ನೆ: ಮೆತ್ತನೆಯ ರಬ್ಬರ್ ಚಪ್ಪಲಿಗಳೇ ಹೆಚ್ಚು ಸಿಕ್ಕಿಕೊಳ್ಳುತ್ತವೆ ಎನ್ನುತ್ತಾರೆ. ನಿಜವೇ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಿಜ. ಮೆಟ್ಟಿಲು ಚಲಿಸುತ್ತದೆ, ಅದರ ಪಕ್ಕದ ಲೋಹದ ಗೋಡೆ ಚಲಿಸುವುದಿಲ್ಲ. ಆದ್ದರಿಂದ ಎರಡರ ನಡುವೆ ಸಂದಿ ಇರಲೇಬೇಕು. ಯುರೋಪಿನ ಮಾನದಂಡದ ಪ್ರಕಾರ ಅದು ಒಂದು ಬದಿಯಲ್ಲಿ 4 ಮಿಲಿಮೀಟರ್, ಎರಡೂ ಬದಿ ಸೇರಿ 7 ಮಿಲಿಮೀಟರ್ ಮೀರಬಾರದು. ಇಷ್ಟು ಕಿರಿದಾದ ಜಾಗಕ್ಕೆ ಚರ್ಮದ ಗಟ್ಟಿ ಬೂಟು ಹೋಗುವುದಿಲ್ಲ. ಮೆತ್ತನೆಯ ರಬ್ಬರ್ ಲೋಹದ ಗೋಡೆಗೆ ಒತ್ತಿದೊಡನೆ ಜಾರದೆ ಅಂಟಿಕೊಂಡು, ಮಡಿಚಿಕೊಂಡು ಒಳಗೆ ಸೇರುತ್ತದೆ. ಮಕ್ಕಳು ಕಾಲನ್ನು ಗೋಡೆಗೆ ಉಜ್ಜುತ್ತ ನಿಲ್ಲುವುದರಿಂದ ಇದು ಅವರಿಗೇ ಹೆಚ್ಚು. ಪಕ್ಕದಲ್ಲಿ ಕಾಣುವ ಕಪ್ಪು ಬ್ರಷ್ಷಿನ ಸಾಲನ್ನು ಬೂಟು ಒರೆಸಲು ಇಟ್ಟಿದ್ದೆಂದು ಭಾವಿಸಿ ಅದಕ್ಕೇ ಕಾಲು ತಿಕ್ಕುವವರನ್ನು ಪ್ರತಿದಿನ ನೋಡಬಹುದು. ಅದು ಇರುವುದು ಕಾಲನ್ನು ಸಂದಿಯಿಂದ ದೂರವಿಡಲಿಕ್ಕೆ. ಮೆಟ್ಟಿಲಿನ ಅಂಚಿನ ಹಳದಿ ಗೆರೆಯ ಉದ್ದೇಶವೂ ಅದೇ.

ನಮ್ಮ ಉಡುಪಿನ ಬಗ್ಗೆಯೂ ಒಂದು ಮಾತು. ಸೀರೆಯ ನೆರಿಗೆ, ಪಂಚೆಯ ತುದಿ, ದುಪಟ್ಟಾ, ನೆಲ ಗುಡಿಸುವಷ್ಟು ಉದ್ದದ ಪ್ಯಾಂಟು ಇವೆಲ್ಲ ಪಕ್ಕದ ಸಂದಿಗಿಂತ ಹೆಚ್ಚಾಗಿ ಮೆಟ್ಟಿಲು ನೆಲದೊಳಗೆ ಇಳಿಯುವ ತುದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಸೀರೆ ಉಟ್ಟವರು ನೆರಿಗೆಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಹ್ಯಾಂಡ್‌ರೇಲ್ ಮೇಲಿಟ್ಟರೆ ಸಾಕು. ಎರಡೂ ಕೈಯಲ್ಲಿ ಚೀಲವಿದ್ದರೆ ಲಿಫ್ಟ್ ಹಿಡಿಯುವುದು ಲೇಸು.

ಪ್ರಶ್ನೆ: ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಸಮತಟ್ಟಾದ ಚಲಿಸುವ ನಡಿಗೆಪಟ್ಟಿಯಲ್ಲಿ ಮಹಿಳೆಯೊಬ್ಬರು ಕಾಲು ಕಳೆದುಕೊಂಡರೆಂದು ಓದಿದ್ದೆ. ಮೆಟ್ಟಿಲೇ ಇಲ್ಲದ ಕಡೆ ಅದು ಹೇಗೆ ಸಾಧ್ಯ? ಅಷ್ಟು ಹೊತ್ತಿನಲ್ಲಿ ರಕ್ಷಣೆ ಹೇಗೆ ನಡೆಯುತ್ತದೆ? (ನಿವೃತ್ತ ಶಿಕ್ಷಕರು, ಹುಬ್ಬಳ್ಳಿ)

ಉತ್ತರ: ನೀವು ಹೇಳುತ್ತಿರುವುದು 2023ರ ಜೂನ್ 29ರಂದು ಡಾನ್ ಮುವಾಂಗ್ ವಿಮಾನ ನಿಲ್ದಾಣದಲ್ಲಿ ನಡೆದ ಅವಘಡ. 57 ವರ್ಷದ ಪ್ರಯಾಣಿಕರೊಬ್ಬರ ಕಾಲು ನಡಿಗೆಪಟ್ಟಿಯ ತುದಿಯಲ್ಲಿ ಸಿಕ್ಕಿ, ಮೊಣಕಾಲಿನ ಮೇಲಿನವರೆಗೂ ಹೋಯಿತು. ತುದಿಯಲ್ಲಿರುವ ಹಳದಿ ಬಾಚಣಿಗೆಯ ಹಲ್ಲುಗಳು ಮುರಿದಿದ್ದದ್ದು ಅಂದಿನ ಚಿತ್ರಗಳಲ್ಲಿ ಕಾಣುತ್ತಿತ್ತು. ಆ ಬಾಚಣಿಗೆಯಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ. ಮೆಟ್ಟಿಲಿನದಾಗಲಿ ಸಮತಟ್ಟಾದ ಹಲಗೆಯದಾಗಲಿ ಮೇಲ್ಮೈ ಉದ್ದುದ್ದ ಗೀರುಗಳಿಂದ ಕೂಡಿರುತ್ತದೆ. ತುದಿಯಲ್ಲಿ ನೆಲಕ್ಕೆ ಬಿಗಿದ ಬಾಚಣಿಗೆಯ ಹಲ್ಲುಗಳು ಆ ಗೀರುಗಳೊಳಗೆ ಕೂತಿರುತ್ತವೆ. ನಮ್ಮ ಪಾದ ನಯವಾಗಿ ನೆಲದ ಮೇಲೆ ಜಾರಿಹೋಗುವುದೂ, ಹಲಗೆ ಕೆಳಗೆ ಇಳಿದುಹೋಗುವುದೂ ಅದರ ದೆಸೆಯಿಂದ. ಹಲ್ಲು ಮುರಿದ ಕಡೆ ಪಾದದ ತುದಿಗೆ ಹಲಗೆಯ ಜೊತೆಯಲ್ಲೇ ಕೆಳಗಿಳಿಯಲು ಎಡೆ ಸಿಗುತ್ತದೆ. ಬಾಚಣಿಗೆಗೆ ಏನಾದರೂ ತಗುಲಿ ಒತ್ತಡ ಬಿದ್ದರೆ ಯಂತ್ರ ನಿಲ್ಲಬೇಕಾದ ಸ್ವಿಚ್ ಇರುತ್ತದಾದರೂ, ಅದು ಸರಿಯಾಗಿ ಹೊಂದಿಸಲ್ಪಟ್ಟಿದ್ದರೆ ಮಾತ್ರ ಉಪಯೋಗ. ಮುರಿದ ಹಲ್ಲು ಬರಿಗಣ್ಣಿಗೆ ಕಾಣುತ್ತದೆ. ಪ್ರತಿ ಬೆಳಿಗ್ಗೆ ಯಂತ್ರ ಚಾಲೂ ಮಾಡುವ ಸಿಬ್ಬಂದಿ ಎರಡೂ ತುದಿಯಲ್ಲಿ ಬಗ್ಗಿ ನೋಡಿದರೆ ತಿಳಿಯುವ ದೋಷವಿದು.

ಇನ್ನು ರಕ್ಷಣೆಯ ವಿಷಯ. ತಂಡ ಬಂದೊಡನೆ ಮಾಡುವ ಕೆಲಸ ಕಾಲಿನ ಹತ್ತಿರದ್ದಲ್ಲ, ವಿದ್ಯುತ್ತಿನದು. ಕೆಂಪು ಗುಂಡಿ ಒತ್ತಿದ್ದರೂ ಮುಖ್ಯ ಸ್ವಿಚ್ಚನ್ನು ಆರಿಸಿ, ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ, ಕೀಲಿಯನ್ನು ತಂಡದ ಮುಖ್ಯಸ್ಥರು ಇಟ್ಟುಕೊಳ್ಳಬೇಕು. ಏಕೆಂದರೆ ಮುಂದಿನ ಕೆಲಸದಲ್ಲಿ ರಕ್ಷಕರ ಕೈಗಳೂ ಅದೇ ಸಂದಿಯೊಳಗೆ ಹೋಗುತ್ತವೆ. ಆಮೇಲೆ ಬಾಚಣಿಗೆ. ಅದು ಒಂದೇ ತುಂಡಲ್ಲ, ಸ್ಕ್ರೂಗಳಿಂದ ಬಿಗಿದ ಹಲವು ಚಿಕ್ಕ ತುಂಡುಗಳ ಸಾಲು. ಕಾಲಿನ ಪಕ್ಕದ ಒಂದೆರಡು ತುಂಡುಗಳನ್ನು ಬಿಚ್ಚಿದರೆ ಎಷ್ಟೋ ಸಲ ಪಾದ ಸಡಿಲವಾಗುತ್ತದೆ. ಸಾಲದಿದ್ದರೆ ನೆಲದ ಲೋಹದ ತಟ್ಟೆಯನ್ನು ಎತ್ತುತ್ತಾರೆ. ಪಕ್ಕದ ಸಂದಿಯಾದರೆ ಗೋಡೆಯ ತಗಡನ್ನು ಬಿಚ್ಚುತ್ತಾರೆ ಅಥವಾ ಹೈಡ್ರಾಲಿಕ್ ಸಲಕರಣೆಯಿಂದ ಅಗಲಿಸುತ್ತಾರೆ. ಕೊನೆಗೆ, ನಿರ್ವಹಣೆಯ ತಂತ್ರಜ್ಞರು ಬ್ರೇಕನ್ನು ಕೈಯಿಂದ ಸಡಿಲಿಸಿ, ಮೋಟಾರಿನ ಚಕ್ರವನ್ನು ತಿರುಗಿಸಿ, ಮೆಟ್ಟಿಲನ್ನು ಒಂದೊಂದೇ ಸೆಂಟಿಮೀಟರ್ ಸರಿಸಬಹುದು. ಮೋಟಾರಿನಿಂದ ಹಿಂದಕ್ಕೆ ಓಡಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಗಾಯಾಳುವಿನ ಬಳಿ ಒಬ್ಬರು ಕಾಲನ್ನೇ ನೋಡುತ್ತ ‘ನಿಲ್ಲಿಸಿ’ ಎಂದ ಕ್ಷಣ ಕೈ ನಿಲ್ಲುತ್ತದೆ.

ಇಷ್ಟೂ ಹೊತ್ತು ವೈದ್ಯಕೀಯ ತಂಡ ಪಕ್ಕದಲ್ಲೇ ಇರಬೇಕು. ಒತ್ತಿಕೊಂಡಿದ್ದ ಅಂಗ ಬಿಡುಗಡೆಯಾದ ಕೂಡಲೇ ಅದುವರೆಗೆ ತಡೆದಿದ್ದ ರಕ್ತ ನುಗ್ಗಬಹುದು. ಗಂಟೆಗಟ್ಟಲೆ ಒತ್ತಿಕೊಂಡಿದ್ದರೆ ಜಜ್ಜಿದ ಸ್ನಾಯುವಿನಿಂದ ಬರುವ ಅಂಶಗಳು ಹೃದಯ, ಮೂತ್ರಪಿಂಡಗಳಿಗೆ ತೊಂದರೆ ಕೊಡುತ್ತವೆ. ಹಾಗಾಗಿ ಸಿಕ್ಕಿಕೊಂಡ ಸಮಯವನ್ನು ಯಾರಾದರೂ ಬರೆದಿಟ್ಟುಕೊಂಡು ಹೇಳಿದರೆ ವೈದ್ಯರಿಗೆ ಬಹಳ ಸಹಾಯವಾಗುತ್ತದೆ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಟ್ಟು ಗಾಯಾಳುವಿನ ಜೊತೆಗೇ ಕಳುಹಿಸಬೇಕು. ನೇರವಾಗಿ ಐಸಿನ ಮೇಲಿಟ್ಟರೆ ಅಂಗಾಂಶ ಸುಟ್ಟಂತಾಗಿ ಮರುಜೋಡಣೆ ಕಷ್ಟವಾಗುತ್ತದೆ.

ಪ್ರಶ್ನೆ: ಮೇಲಕ್ಕೆ ಹೋಗುತ್ತಿದ್ದ ಎಸ್ಕಲೇಟರ್ ಹಠಾತ್ತನೆ ಕೆಳಕ್ಕೆ ಓಡುವ ವಿಡಿಯೊಗಳು ನಿಜವೇ? (ಓದುಗರು, ಮಂಗಳೂರು)

ಉತ್ತರ: ಎಲ್ಲ ವಿಡಿಯೊಗಳ ಬಗ್ಗೆ ಹೇಳಲಾರೆ, ಘಟನೆಗಳು ಮಾತ್ರ ನಿಜ. 2011ರ ಜುಲೈನಲ್ಲಿ ಬೀಜಿಂಗಿನ ಮೃಗಾಲಯದ ಮೆಟ್ರೊ ನಿಲ್ದಾಣದಲ್ಲಿ ಏರುತ್ತಿದ್ದ ಎಸ್ಕಲೇಟರ್ ಹಿಂದಕ್ಕೆ ಚಲಿಸಿ ಒಬ್ಬ ಬಾಲಕ ಸತ್ತ. 2017ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನ ಲ್ಯಾಂಗಮ್ ಪ್ಲೇಸ್ ಮಾಲ್‌ನಲ್ಲಿ 45 ಮೀಟರ್ ಉದ್ದದ ಎಸ್ಕಲೇಟರ್ ಹೀಗೆಯೇ ಹಿಮ್ಮುಖವಾಗಿ 18 ಜನ ಗಾಯಗೊಂಡರು. 2018ರ ಅಕ್ಟೋಬರ್‌ನಲ್ಲಿ ರೋಮಿನ ರಿಪಬ್ಲಿಕಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಎಸ್ಕಲೇಟರ್ ವೇಗ ಹಿಡಿದು, ರಷ್ಯಾದಿಂದ ಫುಟ್‌ಬಾಲ್ ಪಂದ್ಯಕ್ಕೆ ಬಂದಿದ್ದ ಅಭಿಮಾನಿಗಳು ತಳದಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಮೋಟಾರಿನ ಬಲವನ್ನು ಮೆಟ್ಟಿಲುಗಳಿಗೆ ಮುಟ್ಟಿಸುವ ಸರಪಳಿ ಕಡಿದರೆ ಜನರ ಭಾರವೇ ಮೆಟ್ಟಿಲನ್ನು ಕೆಳಕ್ಕೆ ಎಳೆಯುತ್ತದೆ. ಆಗ ಹಿಡಿಯಬೇಕಾದದ್ದು ಸಹಾಯಕ ಬ್ರೇಕು. ಅದೂ ಕೆಲಸ ಮಾಡದಿದ್ದಾಗ ಇಂಥದ್ದಾಗುತ್ತದೆ. ಆ ಕ್ಷಣದಲ್ಲಿ ಮೇಲಕ್ಕೆ ಓಡಲು ಯತ್ನಿಸದೆ, ಹ್ಯಾಂಡ್‌ರೇಲ್ ಹಿಡಿದು ತಗ್ಗಿ ಕೂರುವುದೂ, ತಳ ತಲುಪಿದವರು ಅಲ್ಲೇ ನಿಲ್ಲದೆ ಬಿದ್ದವರನ್ನು ಪಕ್ಕಕ್ಕೆ ಎಳೆದುಕೊಳ್ಳುವುದೂ ಜೀವ ಉಳಿಸುತ್ತದೆ. ಇಂಥ ಅವಘಡಗಳಲ್ಲಿ ಹೆಚ್ಚಿನ ಏಟು ಬೀಳುವುದು ತಳದ ರಾಶಿಯಲ್ಲಿ.

ಪ್ರಶ್ನೆ: ಒಂದು ಬದಿಯಲ್ಲಿ ನಿಂತು ಇನ್ನೊಂದು ಬದಿಯನ್ನು ನಡೆಯುವವರಿಗೆ ಬಿಡುವುದು ಶಿಸ್ತಲ್ಲವೇ? (ಐ.ಟಿ. ಉದ್ಯೋಗಿ, ಬೆಂಗಳೂರು)

ಉತ್ತರ: ಲಂಡನ್ನಿನಲ್ಲಿ ಅದು ಹಳೆಯ ರೂಢಿ. ಆದರೆ ಅಲ್ಲಿಯದೇ ಹೋಬರ್ನ್ ನಿಲ್ದಾಣದಲ್ಲಿ 2015ರಲ್ಲಿ ಎರಡೂ ಬದಿ ನಿಲ್ಲಿಸಿ ನೋಡಿದಾಗ ದಟ್ಟಣೆಯ ಹೊತ್ತಿನಲ್ಲಿ ಹೆಚ್ಚು ಜನ ಸಾಗಿದರು. ಜಪಾನಿನ ಸೈತಾಮಾ ಪ್ರಾಂತ 2021ರಲ್ಲಿ, ನಗೋಯಾ ನಗರ 2023ರಲ್ಲಿ ನಿಂತೇ ಸಾಗಬೇಕೆಂದು ನಿಯಮ ಮಾಡಿವೆ. ನಾನು ಜಪಾನಿನ ಪಕ್ಷ.

ಪ್ರಶ್ನೆ: ಪ್ರತಿ ಸಲವೂ ‘ಪ್ರಯಾಣಿಕರ ಅಜಾಗರೂಕತೆ’ ಎಂದೇ ಹೇಳುತ್ತಾರೆ. ಕಟ್ಟಡದವರ ಹೊಣೆ ಏನೂ ಇಲ್ಲವೇ? ದೂರು ಯಾರಿಗೆ ಕೊಡಬೇಕು? (ವಕೀಲರು, ದಾವಣಗೆರೆ)

ಉತ್ತರ: 2015ರ ಜುಲೈನಲ್ಲಿ ಚೀನಾದ ಜಿಂಗ್‌ಜೌ ನಗರದ ಅಂಗಡಿ ಮಳಿಗೆಯೊಂದರಲ್ಲಿ ಎಸ್ಕಲೇಟರ್ ಏರಿದ ತಾಯಿ, ಮೇಲಿನ ತುದಿಯ ನೆಲದ ತಟ್ಟೆಯ ಮೇಲೆ ಕಾಲಿಟ್ಟೊಡನೆ ತಟ್ಟೆ ಕುಸಿಯಿತು. ಕೈಯಲ್ಲಿದ್ದ ಮಗುವನ್ನು ಎದುರಿದ್ದ ಸಿಬ್ಬಂದಿಯತ್ತ ತಳ್ಳಿ ಆಕೆ ಯಂತ್ರದೊಳಗೆ ಬಿದ್ದು ತೀರಿಕೊಂಡರು. ತಟ್ಟೆ ಸಡಿಲವಾಗಿರುವುದು ಅಲ್ಲಿ ನಿಂತಿದ್ದ ಸಿಬ್ಬಂದಿಗೆ ಕೆಲವೇ ನಿಮಿಷ ಮೊದಲು ಗೊತ್ತಾಗಿತ್ತು, ಆದರೂ ಎಸ್ಕಲೇಟರ್ ಓಡುತ್ತಲೇ ಇತ್ತು. ಇಲ್ಲಿ ಪ್ರಯಾಣಿಕರ ಅಜಾಗರೂಕತೆ ಎಲ್ಲಿದೆ? ದೋಷ ಕಂಡ ಸಿಬ್ಬಂದಿ ಮೇಲಧಿಕಾರಿಯ ಅನುಮತಿಗೆ ಕಾಯದೆ ಯಂತ್ರ ನಿಲ್ಲಿಸಿ, ಎರಡೂ ತುದಿಗೆ ತಡೆ ಇಡುವ ಅಧಿಕಾರ ಹೊಂದಿರಬೇಕು. ಮಾಲ್ ನಡೆಸುವವರು ಗೋಡೆಗೆ ಅಂಟಿಸುವ ಎಚ್ಚರಿಕೆಯ ಚಿತ್ರಗಳಿಗಿಂತ ಇದಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯದಲ್ಲಿ 2012ರ ಕರ್ನಾಟಕ ಲಿಫ್ಟ್, ಎಸ್ಕಲೇಟರ್ ಮತ್ತು ಪ್ರಯಾಣಿಕ ಕನ್ವೇಯರ್ ಅಧಿನಿಯಮವಿದೆ. ಚಲಿಸುವ ನಡಿಗೆಪಟ್ಟಿಯೂ ಇದರಡಿ ಬರುತ್ತದೆ. ಪರವಾನಗಿ, ತಪಾಸಣೆಗಳ ಹೊಣೆ ವಿದ್ಯುತ್ ಪರಿವೀಕ್ಷಣಾಲಯದ್ದು. ಮಾಲ್, ಆಸ್ಪತ್ರೆ, ಅಂಗಡಿಗಳಲ್ಲಿ ಅವಘಡವಾದರೆ ಪೊಲೀಸ್ ಠಾಣೆಗೆ ಕೊಡುವ ದೂರಿನ ಪ್ರತಿಯನ್ನು ಪರಿವೀಕ್ಷಣಾಲಯದ ಜಿಲ್ಲಾ ಕಚೇರಿಗೂ ಕೊಡಿ. ದೂರಿನಲ್ಲಿ ಎಸ್ಕಲೇಟರ್ ಯಾವ ಮಹಡಿಯಿಂದ ಯಾವ ಮಹಡಿಗೆ ಹೋಗುತ್ತದೆ, ಏರುವುದೋ ಇಳಿಯುವುದೋ, ಘಟನೆಯ ಸಮಯ, ಯಂತ್ರ ನಿಲ್ಲಲು ಹಿಡಿದ ಹೊತ್ತು ಇವೆಲ್ಲ ಇರಲಿ. ಬಾಚಣಿಗೆ ಮತ್ತು ಪಕ್ಕದ ಸಂದಿಯ ಫೋಟೊ ಅಂದೇ ತೆಗೆದಿಟ್ಟುಕೊಳ್ಳಿ, ಮರುದಿನಕ್ಕೆ ದುರಸ್ತಿ ಆಗಿಬಿಟ್ಟಿರಬಹುದು. ಸಿ.ಸಿ. ಟಿವಿ ದೃಶ್ಯಗಳು ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿಯೇ ಅಳಿಸಿಹೋಗುವುದರಿಂದ, ಅವನ್ನು ಉಳಿಸಿಡುವಂತೆ ಕಟ್ಟಡದ ಆಡಳಿತಕ್ಕೆ ಅದೇ ದಿನ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.